ಎರೆ ಮಣ್ಣಿನ ಅಂಗಳಕ್ಕೆ ಹುಲ್ಲು ಹಾಸಬೇಕು: ಮರಳು, ಕೆರೆ ಗೋಡು ಕಲಸಿದರೆ ಸಾಕಾ?

ಹೊಸಮನೆ ಅಂಗಳ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಶಾಮನೂರು ಆಚೆಯ ಹೊಸ ಬಡಾವಣೆ. 30×50 ಸೈಟು, ಪೂರ್ವದ ಬಾಗಿಲು. ಮುಂದೆ 12 ಅಡಿ × 18 ಅಡಿ ಖಾಲಿ ಅಂಗಳ, ಪಕ್ಕದಲ್ಲಿ 4 ಅಡಿ ಓಣಿ, ಹಿಂದೆ 6 ಅಡಿ ಹಿತ್ತಲು. ನೆಲ ಪೂರ್ತಿ ಎರೆ. ಅದರ ಮೇಲೆ ಕಟ್ಟಡದ ಕಸ: ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು. ಮಳೆ ಬಂದರೆ ಎರಡು ದಿನ ನೀರು ನಿಲ್ಲುತ್ತದೆ, ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ ಬೆರಳು ತೂರುವಂಥ ಬಿರುಕು. ಓಣಿಗೆ ಹಾಕಿಸಿದ ಪೇವರ್ ಕಲ್ಲು ಒಂದೇ ಮಳೆಗಾಲಕ್ಕೆ ಎದ್ದು ಅಲ್ಲಾಡುತ್ತಿವೆ. ಕಾಂಪೌಂಡ್ ಗೋಡೆಯಲ್ಲಿ ಸಣ್ಣದೊಂದು ಓರೆ ಸೀಳು ಕಾಣಿಸಿದೆ.

ಬೋರ್ ನೀರಿನ ಟಿಡಿಎಸ್ (ಕರಗಿದ ಉಪ್ಪಿನ ಅಳತೆ) 1,150 ತೋರಿಸುತ್ತಿದೆ. ನಲ್ಲಿ ನೀರು ದಿನಾ ಬರುವುದಿಲ್ಲ, ಬಂದದ್ದು ಅಡುಗೆಗೆ, ಕುಡಿಯಲಿಕ್ಕೆ ಆಗುತ್ತದೆ.

ನಮ್ಮ ಆಸೆ ಇಷ್ಟು: ಮುಂದೆ ಹುಲ್ಲುಹಾಸು, ಅಂಚಿಗೆ ಇಕ್ಸೋರಾ ಸಾಲು, ಮೂಲೆಗೆ ಒಂದು ಮಾವು, ಒಂದು ತೆಂಗು. ಗಾರ್ಡನ್ ಕೆಲಸದವರು ಒಂದು ಲೋಡು ಮರಳು, ಒಂದು ಲೋಡು ಕೆರೆ ಗೋಡು ಹಾಕಿ ಕಲಸಿ, ಸಮ ಮಾಡಿ, ಮೇಲೆ ಕೊರಿಯನ್ ಹುಲ್ಲಿನ ಕಾರ್ಪೆಟ್ ಹಾಸುತ್ತೇವೆ, ಎರಡು ದಿನದ ಕೆಲಸ ಅಂತಾರೆ. ಇದು ಸರಿ ಹೋಗುತ್ತಾ? ದುಡ್ಡು ಹಾಕುವ ಮೊದಲೇ ತಿಳಿದವರು ಹೇಳಿ.

ಎರೆನೆಲ ಉತ್ತರ:

ಆ ಎರಡು ಲೋಡನ್ನು ಸದ್ಯಕ್ಕೆ ತಡೆಯಿರಿ. ಲೆಕ್ಕ ಹಾಕಿ ನೋಡಿ. ಟ್ರ್ಯಾಕ್ಟರ್ ಟ್ರೈಲರಿಗೆ ಸುಮಾರು 100 ಘನ ಅಡಿ ಹಿಡಿಯುತ್ತದೆ. 100 ಮರಳು, 100 ಕೆರೆ ಗೋಡು, ಕೆಳಗಿನ ಎರೆ ಅರ್ಧ ಅಡಿ ಅಗೆದರೆ 108. ಅಂದರೆ ಮರಳು ಮೂರರಲ್ಲಿ ಒಂದು ಪಾಲು. ಜೇಡಿ ನೆಲ ಮರಳಿನಂತೆ ನೀರು ಬಿಡಬೇಕಾದರೆ ಮರಳೇ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಜೇಡಿಯ ನುಣ್ಣನೆ ಕಣ ಮರಳಿನ ಸಂದಿಗೆಲ್ಲ ತುಂಬಿಕೊಂಡು ಒಣಗಿದಾಗ ಇಟ್ಟಿಗೆಯಾಗುತ್ತದೆ. ಕೆರೆ ಗೋಡು ಒಳ್ಳೆಯದೇ, ಆದರೆ ಅದು ಕೆಂಪು ನೆಲದ ಮದ್ದು. ಎರೆ ಸೀಮೆಯ ಕೆರೆಯಲ್ಲಿ ಕೂತ ಗೋಡು ಎಂದರೆ ಎರೆಯೇ, ಇನ್ನೂ ನುಣುಪಾದ ಎರೆ.

ನಿಮ್ಮ ಪೇವರ್, ಕಾಂಪೌಂಡ್, ನಿಂತ ನೀರು ಮೂರೂ ಒಂದೇ ತೊಂದರೆ. ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಉಬ್ಬುವಾಗ ಮೇಲಿದ್ದದ್ದನ್ನು ಎತ್ತುತ್ತದೆ, ಕುಗ್ಗುವಾಗ ಕೈಬಿಡುತ್ತದೆ. ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ ಇದ್ದಾಗ ಗೋಡೆ ಓರೆಯಾಗಿ ಸೀಳುತ್ತದೆ. ಹಾಗಾಗಿ ಇಂಥ ನೆಲದಲ್ಲಿ ತೋಟ ಮಾಡುವುದೆಂದರೆ ಮೊದಲು ಮನೆ ಬುಡದಿಂದ ನೀರನ್ನು ಆಚೆ ಕಳಿಸುವುದು, ಆಮೇಲೆ ಗಿಡ.

ಕೆಲಸದ ಕ್ರಮ ಹೀಗಿರಲಿ. ಮೊದಲು ಕಸ ತೆಗೆಸಿ. ಮೇಲೆ ಕೆರೆದರೆ ಸಾಲದು, ಒಂದು ಅಡಿ ಆಳದವರೆಗೆ ಪಿಕಾಸಿ ಹಾಕಿಸಿ ಸಿಮೆಂಟು ಗಟ್ಟಿ, ಟೈಲ್ಸ್ ಚೂರು, ಸುಣ್ಣ ಎಲ್ಲ ಹೊರಗೆ ಹಾಕಿಸಿ. ನಮ್ಮ ಎರೆ ಮೊದಲೇ ಕ್ಷಾರ, ಪಿಎಚ್ ಸಾಮಾನ್ಯವಾಗಿ 7.5ರಿಂದ 8.5. ಸಿಮೆಂಟು ಉಳಿದರೆ ಆ ಜಾಗದಲ್ಲಿ ಇನ್ನೂ ಏರುತ್ತದೆ, ಹುಲ್ಲು ಅಲ್ಲೇ ಮಚ್ಚೆ ಮಚ್ಚೆಯಾಗಿ ಹಳದಿ ಬೀಳುತ್ತದೆ.

ಆಮೇಲೆ ಮನೆ ಸುತ್ತ ಎರಡೂವರೆ–ಮೂರು ಅಡಿ ಅಗಲದ ಕಾಂಕ್ರೀಟ್ ಪಟ್ಟಿ, ಮೇಸ್ತ್ರಿಗಳು ಪ್ಲಿಂತ್ ಪ್ರೊಟೆಕ್ಷನ್ ಎನ್ನುವುದು, ಇಲ್ಲದಿದ್ದರೆ ಹಾಕಿಸಿ. ಹೊರಕ್ಕೆ ಇಳಿಜಾರಿರಬೇಕು. ಗೋಡೆಗೂ ಪಟ್ಟಿಗೂ ನಡುವಿನ ಸಂದನ್ನು ಸಿಮೆಂಟಿನಿಂದ ಮುಚ್ಚಬೇಡಿ, ಅದು ಮತ್ತೆ ಸೀಳುತ್ತದೆ. ಟಾರ್ ಅಥವಾ ಹಿಗ್ಗುವ ಸೀಲಂಟ್ ತುಂಬಿಸಿ. ತಾರಸಿಯ ಮಳೆ ಪೈಪುಗಳು ಅಂಗಳದಲ್ಲಿ ಬಿಡುವಂತಿದ್ದರೆ ಈಗಲೇ ತಿರುಗಿಸಿ.

ಅಂಗಳಕ್ಕೆ ಇಳಿಜಾರು: ಮನೆಯಿಂದ ಮೊದಲ 5 ಅಡಿಗೆ 3 ಇಂಚು, ಉಳಿದ 7 ಅಡಿಗೆ ಇನ್ನೆರಡು ಇಂಚು. ಕಣ್ಣಳತೆ ನಂಬಬೇಡಿ, ಲೆವೆಲ್ ಪೈಪಿನಲ್ಲಿ ನೀರು ತುಂಬಿ ಹಿಡಿದು ಗೂಟಕ್ಕೆ ಗುರುತು ಹಾಕಿ. ಮುಖ್ಯವಾದ ಮಾತು: ಈ ಇಳಿಜಾರು ಕೊನೆಗೆ ಕಾಣುವ ಮೇಲ್ಮಣ್ಣಿಗೆ ಮಾತ್ರ ಅಲ್ಲ, ಅದರ ಕೆಳಗಿನ ಎರೆಯ ಮೇಲ್ಮೈಗೂ ಇರಬೇಕು. ಮೇಲೆ ಸಡಿಲ ಮಣ್ಣು ಹಾಕಿದಾಗ ಮಳೆ ನೀರು ಅದನ್ನು ದಾಟಿ ಎರೆಯ ಮೇಲೆ ಹರಿಯುತ್ತದೆ. ಅಲ್ಲಿ ಮನೆ ಕಡೆಗೆ ಇಳಿಜಾರಿದ್ದರೆ ಕಣ್ಣಿಗೆ ಕಾಣದೇ ನೀರು ಪಾಯಕ್ಕೆ ಹೋಗುತ್ತದೆ.

ಇಳಿಜಾರಿನ ತುದಿಯಲ್ಲಿ, ಕಾಂಪೌಂಡಿನಿಂದ ಎರಡು ಅಡಿ ಒಳಗೆ, 9 ಇಂಚು ಅಗಲ, ಒಂದು ಅಡಿ ಆಳದ ಕಾಲುವೆ ತೆಗೆಸಿ. ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, 4 ಇಂಚಿನ ತೂತು ಪಿವಿಸಿ ಪೈಪು ಇಟ್ಟು, 20 ಎಂಎಂ ಜಲ್ಲಿ ತುಂಬಿ, ಬಟ್ಟೆ ಮೇಲೆ ಮಡಿಚಿ. ಪೈಪಿನ ತೂತು ಕೆಳಮುಖ ಇರಲಿ. 8 ಅಡಿಗೆ ಒಂದು ಇಂಚು ಇಳಿಜಾರು ಸಾಕು. ಬಟ್ಟೆ ಉಳಿಸಲು ಹೋದರೆ ಎರಡು ಮಳೆಗಾಲದಲ್ಲಿ ಜಲ್ಲಿಯ ಸಂದೆಲ್ಲ ಎರೆ ತುಂಬಿಕೊಳ್ಳುತ್ತದೆ. ಅಗೆಯುವ ಮೊದಲು ರಸ್ತೆ ಚರಂಡಿಯ ತಳ ನಿಮ್ಮ ಪೈಪಿಗಿಂತ ಕೆಳಗಿದೆಯಾ ನೋಡಿ. ಹೊಸ ಬಡಾವಣೆಗಳಲ್ಲಿ ಚರಂಡಿಯೇ ಎತ್ತರದಲ್ಲಿರುವುದುಂಟು. ಹಾಗಿದ್ದರೆ ಚರಂಡಿ ಕಡೆಯ ಮೂಲೆಯಲ್ಲಿ ಸಣ್ಣ ತೊಟ್ಟಿ ಕಟ್ಟಿ ಪಂಪಿನಿಂದ ಎತ್ತಬೇಕು, ಇಲ್ಲವೇ ಅಂಗಳ ಎತ್ತರಿಸಬೇಕು. ಎತ್ತರಿಸಿದರೂ ಮಣ್ಣು ಪ್ಲಿಂತ್ (ಮನೆಯ ನೆಲಗಟ್ಟು) ಮಟ್ಟಕ್ಕಿಂತ ಕನಿಷ್ಠ 6 ಇಂಚು ಕೆಳಗೇ ಉಳಿಯಬೇಕು, ಇಲ್ಲದಿದ್ದರೆ ಗೋಡೆ ತೇವ ಹೀರುತ್ತದೆ.

ಪೇವರ್ ಕೂತದ್ದು ನೇರ ಎರೆ ಮೇಲೆ ಅಥವಾ ಬರೀ ಮರಳಿನ ಮೇಲೆ ಇರಬೇಕು. ಮರಳು ನೀರು ಹಿಡಿದಿಟ್ಟು ಕೆಳಗಿನ ಎರೆಗೆ ಉಣಿಸುತ್ತಾ ಇರುತ್ತದೆ. ಕಲ್ಲು ತೆಗೆದು ಒಂದು ಅಡಿ ಅಗೆದು, ಗರಸು ಎರಡು ಪದರದಲ್ಲಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸ್ಸು ಮಾಡಿಸಿ. ಮೇಲೆ ಒಂದೂವರೆ ಇಂಚು ಎಂ ಸ್ಯಾಂಡ್, ಅದರ ಮೇಲೆ ಕಲ್ಲು. ಗರಸು ಉಬ್ಬುವುದಿಲ್ಲ, ನೀರನ್ನೂ ಸುಲಭವಾಗಿ ಬಿಡುವುದಿಲ್ಲ, ಅದಕ್ಕೇ ಬೇಕು. ಓಣಿ ಮನೆ ಪಾಯಕ್ಕೆ ಹತ್ತಿರ, ಆದ್ದರಿಂದ ಈ ಅಗೆತ ಮಳೆಗಾಲದಲ್ಲಿ ಬೇಡ. ತೆರೆದ ಗುಂಡಿ ಒಂದು ರಾತ್ರಿ ತುಂಬಿದರೂ ಕೆಟ್ಟದ್ದು.

ಕಾಂಪೌಂಡ್ ಸೀಳಿನ ಮೇಲೆ ಸಿಮೆಂಟಿನಿಂದ ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿ ಗಾಜು ಒಡೆಯದಿದ್ದರೆ ತುಂಬಿಸಿ ಮುಗಿಸಬಹುದು. ಒಡೆದರೆ, ಅಥವಾ ಮನೆಯ ಗೋಡೆಯಲ್ಲೇ ಅಂಥ ಸೀಳು ಬಂದರೆ, ಸ್ಟ್ರಕ್ಚರಲ್ ಇಂಜಿನಿಯರ್ ನೋಡಲಿ.

ಹಸಿರು ಗರಿಕೆ ಉತ್ತರ:

ಎರೆನೆಲ ಸರ್ ಹೇಳಿದ್ದು ಮುಗಿದ ಮೇಲೆ ಹುಲ್ಲಿನ ಮಾತು. ಅದಕ್ಕೂ ಮುಂಚೆ ಹುಲ್ಲು ತಂದು ಇಳಿಸ್ಕೊಬ್ಯಾಡ್ರಿ, ಚೀಲದಲ್ಲಿ ಸುತ್ತಿಟ್ಟ ಕಾರ್ಪೆಟ್ ಎರಡನೇ ದಿನಕ್ಕೆ ಒಳಗೇ ಬೆಂದು ಹಳದಿ ಆಗ್ತೈತೆ.

ಕೊರಿಯನ್ ಹುಲ್ಲು ನಿಮ್ಮ ನೆಲಕ್ಕೆ ಸರಿ ಬರಲ್ಲ. ನೋಡೋಕೆ ಚೆಂದ, ಆದ್ರೆ ನಿಧಾನ ಹಬ್ತೈತೆ, ಬುಡದಲ್ಲಿ ನೀರು ನಿಂತ್ರೆ ಕೊಳೀತೈತೆ, ಎರಡು ವರ್ಷಕ್ಕೆ ಗುಡ್ಡೆ ಗುಡ್ಡೆ ಆಗಿ ಕೆಳಗೆ ಒಣ ದಿಂಡು ಕಟ್ತೈತೆ. 1,150 ಟಿಡಿಎಸ್ ನೀರಿಗೆ, ಪೂರ್ವದ ಬಿಸಿಲಿಗೆ ಬರ್ಮುಡಾ ಹಾಕ್ರಿ. ಬರ್ಮುಡಾ ಅಂದ್ರೆ ನಮ್ಮ ಗರಿಕೆ ಜಾತಿನೇ. ಬಿಸಿಲು ದಿನಕ್ಕೆ 6 ತಾಸು ಬೀಳ್ಬೇಕು. ಮನೆ ನೆರಳು ಮಧ್ಯಾಹ್ನದ ಮೇಲೆ ಪೂರ್ವದ ಅಂಗಳಕ್ಕೆ ಬರ್ತೈತೆ, ಹಾಗಾಗಿ ಗೋಡೆ ಹತ್ತಿರದ 3–4 ಅಡಿ ತೆಳ್ಳಗಾಗಬಹುದು. ಆ ಪಟ್ಟಿಗೆ ಅಗಲ ಎಲೆಯ ಬಫೆಲೋ ಹುಲ್ಲು ಹಾಕ್ರಿ, ಇಲ್ಲಾ ಹುಲ್ಲೇ ಬ್ಯಾಡ, ಕಲ್ಲು ಹಾಸ್ರಿ. ಪಾಯದ ಹತ್ತಿರ ದಿನಾ ನೀರು ಬಿಡೋದೂ ತಪ್ತೈತೆ.

ಮಣ್ಣಿನ ಲೆಕ್ಕ. ಕೆಳಗಿನ ಎರೆ ಅರ್ಧ ಅಡಿ ಸಡಿಲ ಮಾಡಿ, ಪೂರ್ತಿ ಕಳಿತ ತಿಪ್ಪೆ ಗೊಬ್ಬರ 2 ಇಂಚು ಹರಡಿ ಕಲಸ್ರಿ, 36 ಘನ ಅಡಿ ಬೇಕಾಗ್ತೈತೆ. ಅದರ ಮೇಲೆ ಅರ್ಧ ಅಡಿ ಹೊಸ ಮಣ್ಣು: ಜರಡಿ ಹಿಡಿದ ಕೆಂಪು ಮಣ್ಣು 6 ಪಾಲು, ಗೊಬ್ಬರ 3 ಪಾಲು, ಭತ್ತದ ಹೊಟ್ಟಿನ ಬೂದಿ 1 ಪಾಲು. ಒಟ್ಟು 108 ಘನ ಅಡಿ. ಬಿಗಿಯಾಗಿ ಕೂತಾಗ ಒಂದು ಇಂಚು ಇಳೀತೈತೆ, ಅದಕ್ಕೆ 7 ಇಂಚು, ಅಂದ್ರೆ 126 ಘನ ಅಡಿ ಹಾಕಿ. ಕೆಂಪು ಮಣ್ಣಿನ ಮೊದಲ ಎರಡು ಇಂಚನ್ನ ಕೆಳಗಿನ ಎರೆ ಜೊತೆ ಗುದ್ದಲಿಯಿಂದ ಬೆರೆಸ್ರಿ. ಎರಡು ಮಣ್ಣು ಗೆರೆ ಕೊಯ್ದಂಗೆ ಬೇರೆ ಬೇರೆ ಇದ್ರೆ ಬೇರು ಆ ಗೆರೆ ಹತ್ರ ನಿಂತುಬಿಡ್ತಾವೆ.

ಹಸಿ ಸಗಣಿ, ಅರ್ಧ ಕಳಿತ ಗೊಬ್ಬರ ಯಾವ ಕಾರಣಕ್ಕೂ ಬ್ಯಾಡ. ಗೆದ್ದಲು, ಗೊಣ್ಣೆ ಹುಳು ಎರಡೂ ಅದರ ಜೊತೆನೇ ಬರ್ತಾವೆ. ಗೊಬ್ಬರ ಕಳಿತಿದೆ ಅನ್ನೋಕೆ ಗುರುತು: ಕೈಗೆ ಬಿಸಿ ತಾಗಬಾರದು, ಸಗಣಿ ವಾಸನೆ ಇರಬಾರದು, ಹುಲ್ಲು ಕಡ್ಡಿ ಎಳೆದ್ರೆ ಪುಡಿ ಆಗ್ಬೇಕು.

ಜೇಕು ಅನ್ನೋ ಕಳೆ ಬಗ್ಗೆ ಈಗಲೇ ಎಚ್ಚರ ಮಾಡ್ತೀನಿ. ಹೊರಗಿನ ಮಣ್ಣಿನ ಲೋಡಿನಲ್ಲಿ ಜೇಕಿನ ಗಡ್ಡೆ ಬಂದೇ ಬರ್ತಾವೆ. ಮಣ್ಣು ಹಾಕಿದ ದಿನವೇ ಹುಲ್ಲು ಹಾಸಿದ್ರೆ, ಹದಿನೈದು ದಿನಕ್ಕೆ ಹುಲ್ಲಿನ ನಡುವೆ ಜೇಕು ಮೊಳಕೆ ಎದ್ದು ನಿಲ್ತಾವೆ, ಆಮೇಲೆ ಕಿತ್ತರೆ ಎಲೆ ಕೈಗೆ ಬರ್ತೈತೆ, ಗಡ್ಡೆ ಒಳಗೇ ಉಳೀತೈತೆ. ಅದಕ್ಕೇ ಮಣ್ಣು ಹರಡಿ, ಸಮ ಮಾಡಿ, ಹುಲ್ಲು ಹಾಕದೇ ಮೂರು ವಾರ ನೀರು ಕೊಡ್ರಿ. ಎದ್ದದ್ದನ್ನ ಮುಳ್ಳು ಸಲಿಕೆ ಹಾಕಿ ಗಡ್ಡೆ ಸಮೇತ ತೆಗೀರಿ. ಇನ್ನೊಂದು ಸಲ ಹಂಗೇ ಮಾಡ್ರಿ. ಕೆಲಸದವರಿಗೆ ಈ ಮೂರು ವಾರ ಕಾಯೋದು ಬೇಸರ, ಆದ್ರೆ ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿಲ್ಲ.

ಹಾಸೋ ದಿನ: ಕೆಳಗಿನ ಮಣ್ಣು ಮೊದಲೇ ಒದ್ದೆ ಇರ್ಲಿ. ತುಂಡುಗಳನ್ನ ಇಟ್ಟಿಗೆ ಕಟ್ಟಿದಂಗೆ ಸಂದು ತಪ್ಪಿಸಿ ಇಡ್ರಿ, ಎಳೆದು ಹಿಗ್ಗಿಸಬ್ಯಾಡ್ರಿ, ಒಣಗಿದಾಗ ಸಂದು ಬಿಡ್ತೈತೆ. ಮೇಲೆ ಹಲಗೆ ಇಟ್ಟು ತುಳೀರಿ. ಮೊದಲ ಹತ್ತು ದಿನ ಬೆಳಿಗ್ಗೆ-ಸಂಜೆ ನೀರು, ಆಮೇಲೆ ದಿನಕ್ಕೊಂದು ಸಲ, ತಿಂಗಳಾದ ಮೇಲೆ ಎರಡು-ಮೂರು ದಿನಕ್ಕೊಂದು ಸಲ ಜಾಸ್ತಿ ನೀರು. ಒಂದು ಮೂಲೆ ಎತ್ತಿ ನೋಡಿದಾಗ ಬೇರು ಹಿಡಿದು ಎಳೆದ್ರೆ ಮೊದಲ ಕೊಯ್ಲಿಗೆ ತಯಾರು. ಕೊಯ್ಲು ಒಂದರಿಂದ ಒಂದೂವರೆ ಇಂಚು ಎತ್ತರಕ್ಕೆ, ಒಂದೇ ಸಲ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕತ್ತರಿಸಬಾರದು. ದುಡ್ಡು ಉಳಿಸಬೇಕಾದ್ರೆ ಕಾರ್ಪೆಟ್ ಬದಲು ಬೇರು ತುಂಡು ನೆಡಬಹುದು, 3 ಇಂಚಿಗೊಂದರಂತೆ. ಮಳೆಗಾಲದಲ್ಲಿ ಎರಡು ತಿಂಗಳಿಗೆ ನೆಲ ಮುಚ್ತೈತೆ.

ಜಿಪ್ಸಂ ಕೂಡ ಹಾಕ್ತಾರೆ ಎರೆಗೆ. ಚದರ ಅಡಿಗೆ 50 ಗ್ರಾಂ ಲೆಕ್ಕ ಹಿಡಿದು ಸುಮಾರು 11 ಕೆಜಿ ಕಲಸಿದ್ರೆ ಸಡಿಲ ಆಗ್ತೈತೆ.

ನೀರಗಂಟಿ ಉತ್ತರ:

ಹಸಿರು ಗರಿಕೆಯವರ ಕೊನೆಯ ಮಾತಿಗೆ ಒಂದು ತಿದ್ದುಪಡಿ. ಜಿಪ್ಸಂ ಎಲ್ಲ ಎರೆಗೂ ಮದ್ದಲ್ಲ. ಮಣ್ಣಿನಲ್ಲಿ ಸೋಡಿಯಂ ಕೂತು ಅದು ಚೌಳಾಗಿದ್ದರೆ ಮಾತ್ರ ಜಿಪ್ಸಂನ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಹೊರದಬ್ಬುತ್ತದೆ. ನಮ್ಮ ಬಹುತೇಕ ಎರೆಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಅಗೆದಾಗ ಬಿಳಿ ಸುಣ್ಣದ ಹರಳು ಸಿಗುವುದೇ ಅದಕ್ಕೆ ಸಾಕ್ಷಿ. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಒಣಗಿದ ಮಣ್ಣಿನ ಕಡಲೆಕಾಳಿನಷ್ಟು ಹೆಂಟೆಯನ್ನು ಗಾಜಿನ ಲೋಟದ ಮಳೆ ನೀರಿನಲ್ಲಿ ಮೆಲ್ಲಗೆ ಬಿಡಿ, ಅಲ್ಲಾಡಿಸಬೇಡಿ. ಬೋರ್ ನೀರು ಬಳಸಿದರೆ ಪರೀಕ್ಷೆ ಸುಳ್ಳಾಗುತ್ತದೆ, ಅದರ ಉಪ್ಪು ಕಣಗಳನ್ನು ಗಟ್ಟಿ ಹಿಡಿದಿಡುತ್ತದೆ. ಒಂದು ದಿನ ಬಿಟ್ಟು ನೋಡಿ. ಹೆಂಟೆ ಕುಸಿದರೂ ನೀರು ತಿಳಿಯಾಗಿದ್ದರೆ ಜಿಪ್ಸಂ ಬೇಡ. ಹೆಂಟೆ ಸುತ್ತ ಹಾಲಿನಂತೆ ಕದಡಿದರೆ ಸೋಡಿಯಂ ಇದೆ, ಆಗ ಹಾಕಿ. ಪ್ರಮಾಣ ಮಾತ್ರ ಮಣ್ಣು ಪರೀಕ್ಷೆಯ ಚೀಟಿ ನೋಡಿಯೇ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚಿತ್ರದುರ್ಗ ಜಿಲ್ಲೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂ ಇದೆ. ಮಾದರಿ ತೆಗೆಯುವಾಗ ಐದಾರು ಕಡೆ ಅರ್ಧ ಅಡಿ ಆಳಕ್ಕೆ ಇಂಗ್ಲಿಷಿನ 'ವಿ' ಆಕಾರದಲ್ಲಿ ಗುಂಡಿ ತೋಡಿ, ಗುಂಡಿಯ ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದು ಬೆರಳು ದಪ್ಪ ಕೆರೆದು, ಎಲ್ಲ ಕಲಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಡಿ. ಕಟ್ಟಡದ ಕಸದ ಜಾಗ, ಗೊಬ್ಬರ ಸುರಿದ ಜಾಗ ಬಿಡಿ.

ಇನ್ನು ನೀರು. 216 ಚದರ ಅಡಿ ಎಂದರೆ 20 ಚದರ ಮೀಟರ್. ಏಪ್ರಿಲ್–ಮೇ ಬಿಸಿಲಿಗೆ ಬರ್ಮುಡಾ ದಿನಕ್ಕೆ 4ರಿಂದ 5 ಮಿ.ಮೀ. ನೀರು ಕುಡಿಯುತ್ತದೆ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಎಂದರೆ ಒಂದು ಲೀಟರು, ಹಾಗಾಗಿ ದಿನಕ್ಕೆ 80ರಿಂದ 100 ಲೀಟರು, ತಿಂಗಳಿಗೆ 3,000 ಲೀಟರಿನ ಹತ್ತಿರ. ಇಷ್ಟು ಕೊಡಲಾಗದಿದ್ದರೆ ಹುಲ್ಲಿನ ಜಾಗ ಅರ್ಧ ಮಾಡಿ. ಬರ್ಮುಡಾ ಬೇಸಿಗೆಯಲ್ಲಿ ಕಂದಾದರೂ ಬೇರು ಸಾಯುವುದಿಲ್ಲ, ಮಳೆಗೆ ಮತ್ತೆ ಚಿಗುರುತ್ತದೆ. ಈ ಸೀಮೆಯಲ್ಲಿ ಮೂರು ತಿಂಗಳು ಕಂದು ಹುಲ್ಲು ನೋಡಲು ಮನಸ್ಸು ಒಗ್ಗಿಸಿಕೊಂಡರೆ ತಪ್ಪೇನಿಲ್ಲ.

ತಾರಸಿ ನೀರು ಲೆಕ್ಕ ಹಾಕಿ. 1,000 ಚದರ ಅಡಿ ತಾರಸಿ, ವರ್ಷಕ್ಕೆ 600 ಮಿ.ಮೀ. ಮಳೆ ಹಿಡಿದು, ಐದರಲ್ಲಿ ಒಂದು ಪಾಲು ಪೋಲು ಕಳೆದರೂ ಸುಮಾರು 44,000 ಲೀಟರು ಸಿಗುತ್ತದೆ. ಆದರೆ ಅದನ್ನು ಅಂಗಳದ ಇಂಗುಗುಂಡಿಗೆ ಬಿಡಬೇಡಿ. ಎರೆಯಲ್ಲಿ ಇಂಗುವುದೂ ನಿಧಾನ, ಇಂಗಿದರೂ ಅದು ಪಾಯದ ಪಕ್ಕದ ಮಣ್ಣನ್ನೇ ಉಬ್ಬಿಸುತ್ತದೆ. ಫಿಲ್ಟರ್ ಹಾಕಿ ಸಂಪಿಗೆ ತಿರುಗಿಸಿ. ಮಳೆ ನೀರಿನಲ್ಲಿ ಉಪ್ಪಿಲ್ಲ, ಮಳೆಗಾಲದಲ್ಲಿ ಒಂದೆರಡು ಸಲ ಕುಂಡಗಳಿಗೆ ಅದನ್ನು ಧಾರಾಳವಾಗಿ ಸುರಿದರೆ ಬೇಸಿಗೆಯಲ್ಲಿ ಕೂತ ಉಪ್ಪು ತೊಳೆದು ಹೋಗುತ್ತದೆ.

ಆರ್‌ಒ ಯಂತ್ರದಿಂದ ಹೊರಬರುವ ನೀರನ್ನು ಗಿಡಕ್ಕೆ ಹಾಕುವ ರೂಢಿ ಮನೆ ಮನೆಯಲ್ಲಿದೆ. ಅದರ ಟಿಡಿಎಸ್ ಮೂಲ ನೀರಿಗಿಂತ ಹೆಚ್ಚು, ನಿಮ್ಮ ಬೋರಿಗೆ ಲೆಕ್ಕ ಹಾಕಿದರೆ 1,500ರ ಮೇಲೆ. ನೆಲ ಒರೆಸಲು ಬಳಸಿ, ಕುಂಡಕ್ಕೆ ಬೇಡ. ವಾಷಿಂಗ್ ಮೆಷಿನ್‌ನ ಮೊದಲ ನೀರು ಅದಕ್ಕಿಂತ ಕೆಟ್ಟದ್ದು. ಡಿಟರ್ಜೆಂಟಿನ ಸೋಡಿಯಂ ಎರೆಯ ಕಣಗಳನ್ನು ಬಿಡಿಸಿ, ಮೇಲೆ ಎಣ್ಣೆ ಸವರಿದಂತೆ ಮುಚ್ಚಿಬಿಡುತ್ತದೆ, ಆಮೇಲೆ ನೀರೇ ಇಳಿಯುವುದಿಲ್ಲ. ಕೊನೆಯ ಜಾಲಿಸುವ ನೀರು ಪರವಾಗಿಲ್ಲ, ಅದೂ ದಿನಾ ಒಂದೇ ಜಾಗಕ್ಕೆ ಬೇಡ.

ಗಿಡಗಳಿಗೆ ಡ್ರಿಪ್ ಹಾಕುವುದಾದರೆ ಒತ್ತಡ ನೋಡಿಕೊಳ್ಳಿ. ಒಂದು ಮಹಡಿ ಮನೆಯ ತಾರಸಿ ಟ್ಯಾಂಕಿನ ನೀರು ನೆಲದಿಂದ ಸುಮಾರು 15 ಅಡಿ, ಅಂದರೆ 0.45 ಬಾರ್. 4 ಲೀಟರ್ ಎಂದು ಬರೆದ ಸಾಧಾರಣ ಡ್ರಿಪ್ಪರ್ ಒಂದು ಬಾರ್‌ನಲ್ಲಿ ಅಷ್ಟು ಕೊಡುತ್ತದೆ, ನಿಮ್ಮಲ್ಲಿ ಗಂಟೆಗೆ ಎರಡೂ ಮುಕ್ಕಾಲು ಲೀಟರಿನ ಹತ್ತಿರ. ಒತ್ತಡ ಸರಿದೂಗಿಸುವ ದುಬಾರಿ ಡ್ರಿಪ್ಪರ್ ಇಷ್ಟು ಕಡಿಮೆ ಒತ್ತಡಕ್ಕೆ ಸರಿಯಾಗಿ ಕೆಲಸ ಮಾಡದು. ಕೈಯಲ್ಲಿ ಬಿಚ್ಚಿ ತೊಳೆಯುವ ಗುಂಡಿ ಡ್ರಿಪ್ಪರ್ ತಗೊಳ್ಳಿ. ಗಡಸು ನೀರಿಗೆ ತಿಂಗಳಿಗೊಮ್ಮೆ ಬಿಳಿ ಪಾಚು ಕಟ್ಟುತ್ತದೆ, ವಿನಿಗರ್‌ನಲ್ಲಿ ಒಂದು ರಾತ್ರಿ ನೆನೆಸಿದರೆ ಬಿಡುತ್ತದೆ. 16 ಎಂಎಂ ಪೈಪಿನ ಶುರುವಿಗೆ ಜಾಲರಿ ಫಿಲ್ಟರ್, ತುದಿಗೆ ಬಿಚ್ಚುವ ಮುಚ್ಚಳ ಮರೆಯಬೇಡಿ.

ಹೊಸಮನೆ ಅಂಗಳ:

ಇಷ್ಟು ವಿವರವಾಗಿ ಬರೆದ ನಿಮ್ಮೆಲ್ಲರಿಗೂ ತುಂಬಾ ಧನ್ಯವಾದ. ಲೋಟದ ಪರೀಕ್ಷೆ ಮಾಡಿ ನೋಡಿದೆ, ನೀರು ತಿಳಿಯಾಗಿಯೇ ಇತ್ತು, ಜಿಪ್ಸಂ ಕೈಬಿಟ್ಟೆ. ಇನ್ನು ಮೂರು ಸಂಶಯ. ಗಿಡ-ಮರದ ಬಗ್ಗೆ ಯಾರೂ ಹೇಳಲಿಲ್ಲ: ಮಾವು, ತೆಂಗು, ಇಕ್ಸೋರಾ ಇರಲಾ ಬೇಡವಾ? ಹೊಟ್ಟಿನ ಬೂದಿ ಮಂಡಕ್ಕಿ ಭಟ್ಟಿಯಿಂದ ತರಬಹುದಾ? ಅಗೆಯುವ ಕೆಲಸ ಯಾವಾಗ ಶುರು ಮಾಡಲಿ, ಈಗ ನೆಲ ಕಲ್ಲಾಗಿದೆ.

ಕೋಟೆ ಬದಿ ಉತ್ತರ:

ಮರದ ಮಾತು ನಾನು ಹೇಳುತ್ತೇನೆ. 12 ಅಡಿ ಅಂಗಳದಲ್ಲಿ ಮಾವು ಬೇಡ. ಎರೆಯಲ್ಲಿ ದೊಡ್ಡ ಮರ ಎರಡು ರೀತಿ ಕಾಡುತ್ತದೆ. ಬೇರು ಗೋಡೆಯನ್ನು ತಳ್ಳುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚಾಗಿ, ಬೇಸಿಗೆಯಲ್ಲಿ ಬೇರು ಪಾಯದ ಕೆಳಗಿನ ತೇವ ಹೀರಿ ಆ ಒಂದು ಬದಿಯ ಮಣ್ಣನ್ನೇ ಕುಗ್ಗಿಸುತ್ತದೆ. ಅದಕ್ಕೇ ಇಂಥ ನೆಲದಲ್ಲಿ ಮರ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರ ಮನೆಯಿಂದ ಇರಲಿ ಅನ್ನುವುದು. ಅರಳಿ, ಆಲ, ಅತ್ತಿ ಜಾತಿ, ಗುಲ್‌ಮೊಹರ್ ಯಾವುದೂ ಕಾಂಪೌಂಡ್ ಒಳಗೆ ಬೇಡ. ಕೋನೊಕಾರ್ಪಸ್ ಬೇಗ ಹಸಿರು ಗೋಡೆ ಆಗುತ್ತೆ ಅಂತ ನರ್ಸರಿಯವರು ಕೊಟ್ಟರೆ ಬೇಡ ಅನ್ನಿ, ಬೇರು ಪೈಪುಗಳನ್ನು ಹುಡುಕಿ ಹೋಗುತ್ತದೆ. ಗುಜರಾತ್ ಅರಣ್ಯ ಇಲಾಖೆ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ತೆಂಗಿನ ಬೇರು ಗೋಡೆ ಸೀಳುವ ಜಾತಿಯದಲ್ಲ, ಆದರೆ ಮಟ್ಟೆ, ಕಾಯಿ ಬೀಳುವ ಜಾಗದಲ್ಲಿ ಕಾರು, ಮಕ್ಕಳು, ಬೆಸ್ಕಾಂ ತಂತಿ ಇರಬಾರದು. ಗೋಡೆಯಿಂದ 8 ಅಡಿ ಸಿಗದಿದ್ದರೆ ಬಿಡಿ. ನಿಮ್ಮ ಅಂಗಳಕ್ಕೆ ಒಪ್ಪುವುದು ಪಾರಿಜಾತ, ದೇವಕಣಗಿಲೆ, ಕರಿಬೇವು, ದಾಳಿಂಬೆ, ನಿಂಬೆ. ಇವುಗಳಲ್ಲೂ ಒಂದೋ ಎರಡೋ ಸಾಕು. ನಿಂಬೆಯನ್ನು ಎರೆಯಲ್ಲಿ ಗುಂಡಿಯಲ್ಲಿ ನೆಟ್ಟರೆ ಗುಂಡಿಯೇ ನೀರಿನ ಬಟ್ಟಲಾಗಿ ಬುಡ ಕೊಳೆತು ಗೋಂದು ಸುರಿಸುತ್ತದೆ. ಒಂದು ಅಡಿ ಎತ್ತರ, 4 ಅಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಿ, ಕಸಿ ಗಂಟು ಮಣ್ಣಿನಿಂದ ಮೇಲಿರಲಿ, ನೀರು ಕಾಂಡಕ್ಕೆ ತಾಗದಂತೆ ಒಂದೂವರೆ ಅಡಿ ದೂರದಲ್ಲಿ ಉಂಗುರ ಪಾತಿ ಮಾಡಿ. ಮಳೆಗಾಲದ ಮೊದಲು ಕಾಂಡಕ್ಕೆ ಎರಡು ಅಡಿವರೆಗೆ ಬೋರ್ಡೋ ಲೇಪ: ಮೈಲುತುತ್ತ 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ ಬೇರೆ ಬೇರೆ ಅರ್ಧರ್ಧ ಲೀಟರ್ ನೀರಿನಲ್ಲಿ ಕರಗಿಸಿ ಪ್ಲಾಸ್ಟಿಕ್ ಬಕೆಟಿನಲ್ಲಿ ಸೇರಿಸಿ. ಹೊಳೆಯುವ ಮೊಳೆ ಅದ್ದಿ ನೋಡಿ, ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಕಬ್ಬಿಣದ ಪಾತ್ರೆ ಬೇಡ.

ಇಕ್ಸೋರಾ ಆಸೆ ಬಿಡಿ. ಅದಕ್ಕೆ ಹುಳಿ ಮಣ್ಣು ಬೇಕು. ಸುಣ್ಣದ ಎರೆ, ಗಡಸು ನೀರಿನಲ್ಲಿ ಕಬ್ಬಿಣಾಂಶ ಸಿಗದೆ ಎಳೆ ಎಲೆ ಬೆಳ್ಳಗಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಜನ ಗೊಬ್ಬರ ಕಡಿಮೆ ಆಯಿತು ಅಂತ ಯೂರಿಯಾ ಸುರಿಯುತ್ತಾರೆ, ಅದರಿಂದ ಏನೂ ಆಗುವುದಿಲ್ಲ. ಇಟ್ಟೇ ತೀರಬೇಕೆಂದರೆ ಕುಂಡದಲ್ಲಿಟ್ಟು ಮಳೆ ನೀರು ಕೊಡಿ. ಹಳದಿ ಕಂಡರೆ ಲೀಟರಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) 5 ಗ್ರಾಂ, ನಿಂಬೆ ಉಪ್ಪು 1 ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಪಾನ. ಮಣ್ಣಿಗೆ ಕೊಡುವುದಾದರೆ ಪೊಟ್ಟಣದ ಮೇಲೆ ಇಡಿಟಿಎ ಎಂದು ಬರೆದ ಕಬ್ಬಿಣದ ಗೊಬ್ಬರ ಈ ಪಿಎಚ್‌ನಲ್ಲಿ ನಿಲ್ಲದು, ಇಡಿಡಿಎಚ್‌ಎ ಎಂದು ಬರೆದದ್ದು ಕೇಳಿ. ಅಂಚಿನ ಸಾಲಿಗೆ ಟೆಕೋಮಾ, ಡುರಾಂಟಾ, ಕತ್ತರಿಸಿ ಇಟ್ಟ ಕಾಗದದ ಹೂ ನಿಮ್ಮ ಮಣ್ಣಿಗೂ ನೀರಿಗೂ ಒಗ್ಗುತ್ತವೆ.

ಚಿತ್ರದುರ್ಗದ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಎಚ್ಚರಿಕೆ: ಗರಸು ಮಿಶ್ರಿತ ಕೆಂಪು ನೆಲಕ್ಕೆ ಮೇಲಿನ ಲೆಕ್ಕ ತಿರುಗುಮುರುಗು. ಅಲ್ಲಿ ನೀರು ನಿಲ್ಲುವುದಿಲ್ಲ, ಓಡಿಹೋಗುತ್ತದೆ. ಎರಡು ಇಂಚು ಕೆರೆ ಗೋಡು ಹರಡಿ ಅರ್ಧ ಅಡಿ ಕಲಸಿದರೆ ನೀರು ಹಿಡಿಯುತ್ತದೆ. ಗಿಡದ ಗುಂಡಿ ಎರಡೂವರೆ ಅಡಿ. ತೋಡಿದ ಮೇಲೆ ನೀರು ತುಂಬಿ ನೋಡಿ, ಮಾರನೇ ದಿನಕ್ಕೂ ಇಳಿಯದಿದ್ದರೆ ಕೆಳಗೆ ಬಂಡೆ ಹಾಸಿದೆ ಎಂದರ್ಥ, ಗುಂಡಿ ಬೇರೆ ಕಡೆ ತೆಗೆಯಿರಿ. ದುರ್ಗದ ಗುಡ್ಡಗಳ ಗಾಳಿಗೆ ಹೊಸ ಗಿಡಕ್ಕೆ ಎರಡು ಗೂಟ ಬೇಕು, ಕಟ್ಟು ಎಂಟರ ಆಕಾರದಲ್ಲಿ ಸಡಿಲವಾಗಿರಲಿ. ಮುಚ್ಚಿಗೆಗೆ ಚಳ್ಳಕೆರೆ ಕಡೆಯ ಶೇಂಗಾ ಸಿಪ್ಪೆ ಚೆನ್ನ, ಭತ್ತದ ಹೊಟ್ಟು ಗಾಳಿಗೆ ಹಾರಿಹೋಗುತ್ತದೆ. ಎರಡು ಇಂಚು ಹಾಕಿ, ಕಾಂಡದಿಂದ ಒಂದು ಗೇಣು ಬಿಡಿ, ಇಲ್ಲದಿದ್ದರೆ ಗೆದ್ದಲು ಸಿಪ್ಪೆಯಡಿಯಿಂದಲೇ ತೊಗಟೆ ಹತ್ತುತ್ತದೆ.

ಹಸಿರು ಗರಿಕೆ:

ಜಿಪ್ಸಂ ವಿಷಯ ನೀರಗಂಟಿಯವರು ಹೇಳಿದ್ದೇ ಸರಿ, ನನ್ನ ಮಾತು ವಾಪಸ್ ತಗೊಂತೀನಿ.

ಭಟ್ಟಿ ಬೂದಿ ತರಬಹುದು, ಆದ್ರೆ ಬರೀ ಹೊಟ್ಟು ಉರಿಸಿದ್ದೇ ಅಂತ ಕೇಳಿ ಖಾತ್ರಿ ಮಾಡ್ಕೊಂಡು ತರ್ರಿ. ಬೂದಿಯಲ್ಲಿ ತಂತಿ ಎಳೆ, ರಬ್ಬರ್, ಪ್ಲಾಸ್ಟಿಕ್ ಕರಗಿದ ಗಂಟು ಕಂಡ್ರೆ ಮುಟ್ಟಬ್ಯಾಡ್ರಿ. ಕಪ್ಪಗಿರೋ, ಅರ್ಧ ಸುಟ್ಟ ಹೊಟ್ಟು ಒಳ್ಳೇದು, ಮಣ್ಣಲ್ಲಿ ಸಂದು ಉಳಿಸ್ತೈತೆ. ಪೂರ್ತಿ ಬೆಳ್ಳಗೆ ಆಗಿದ್ದು ಬರೀ ಕ್ಷಾರ. ಹತ್ತರಲ್ಲಿ ಒಂದು ಪಾಲು ಮೀರಬಾರದು. ಒಣ ಬೂದಿ ಎರಚುವಾಗ ಮೂಗಿಗೆ ಬಟ್ಟೆ ಕಟ್ರಿ, ಮೊದಲು ನೀರು ಚಿಮುಕಿಸ್ರಿ.

ಎರೆನೆಲ:

ಅಗೆತದ ಕಾಲಕ್ಕೆ ಉತ್ತರ: ನೆಲ ಕಲ್ಲಾಗಿರುವಾಗ ಕಾಲುವೆ, ಗರಸು, ಪ್ಲಿಂತ್ ಪಟ್ಟಿ ಮುಗಿಸಿ. ಎರೆ ಒಣಗಿದ್ದಾಗ ಅಗೆಯಲು ಕಷ್ಟ, ಆದರೆ ಗೋಡೆ ಕುಸಿಯದೆ ನೇರ ನಿಲ್ಲುತ್ತದೆ. ಬಿರುಕಿಗೆ ಪೈಪು ಇಟ್ಟು ನೀರು ಬಿಟ್ಟು ಮೆತ್ತಗೆ ಮಾಡಲು ಮಾತ್ರ ಹೋಗಬೇಡಿ. ಆ ನೀರು ಬಿರುಕಿನ ಗುಂಟ ಮೂರು ಅಡಿ ಕೆಳಗಿಳಿದು ಪಾಯದ ಪಕ್ಕದ ಎರೆಯನ್ನು ಉಬ್ಬಿಸುತ್ತದೆ.

ಮಣ್ಣು ಸಡಿಲ ಮಾಡಿ ಗೊಬ್ಬರ ಕಲಸುವುದಕ್ಕೆ ಮುಂಗಾರಿನ ಮೊದಲ ಒಂದೆರಡು ಮಳೆ ಕಾಯಿರಿ, ಆಮೇಲೆ ಹದ ನೋಡಿ. ನಾಲ್ಕು ಇಂಚು ಆಳದ ಮಣ್ಣು ಹಿಡಿದು ಅಂಗೈ ನಡುವೆ ಪೆನ್ಸಿಲ್ ದಪ್ಪದ ಬತ್ತಿ ಹೊಸೆಯಿರಿ. ಬತ್ತಿ ಮುರಿಯದೇ ಉದ್ದ ಬಂದರೆ ಇನ್ನೂ ಹಸಿ, ಆಗ ಗುದ್ದಲಿ ಹಾಕಿದರೆ ಒಣಗಿದ ಮೇಲೆ ಒಡೆಯದ ಹೆಂಟೆಗಳೇ ಉಳಿಯುತ್ತವೆ. ಹೊಸೆಯುವಾಗಲೇ ತುಂಡಾಗಿ ಉದುರಿದರೆ ಹದ ಬಂದಿದೆ. ಎರೆಯಲ್ಲಿ ಈ ಹದ ಎರಡು ಮೂರು ದಿನ ಮಾತ್ರ ಇರುತ್ತದೆ, ಆದ್ದರಿಂದ ಆಳುಗಳನ್ನೂ ಗೊಬ್ಬರವನ್ನೂ ಮೊದಲೇ ಹೇಳಿಟ್ಟಿರಿ.

ಮೃಗಶಿರಾ ಮಳೆಗೆ ಮಣ್ಣು ಮುಗಿಸಿದರೆ ಜೇಕು ಎಬ್ಬಿಸಿ ತೆಗೆಯಲು ಆರಿದ್ರಾ, ಪುನರ್ವಸು ಸಿಗುತ್ತವೆ, ಪುಷ್ಯದ ಹೊತ್ತಿಗೆ, ಜುಲೈ ಕೊನೆಗೆ, ಹುಲ್ಲು ಹಾಸಬಹುದು. ನಮ್ಮಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಅಷ್ಟರೊಳಗೆ ಬೇರು ಹಿಡಿದಿರುತ್ತದೆ. ಆ ಮಳೆ ಬಂದ ದಿನ ಛತ್ರಿ ಹಿಡಿದು ಹೊರಗೆ ಬಂದು ಪೈಪಿನ ಬಾಯಿ ನೋಡಿ. ಮಳೆ ನಿಂತು ಒಂದು ಗಂಟೆಯಾದರೂ ತೆಳ್ಳಗೆ ನೀರು ಸುರಿಯುತ್ತಿದ್ದರೆ ಕಾಲುವೆ ಕೆಲಸ ಮಾಡುತ್ತಿದೆ. ಅಂಗಳದಲ್ಲಿ ನೀರು ನಿಂತು ಪೈಪು ಒಣಗಿದ್ದರೆ ಇಳಿಜಾರು ತಪ್ಪಿದೆ, ನೀರು ನಿಂತ ಜಾಗಕ್ಕೆ ಅಲ್ಲೇ ಗೂಟ ಹೊಡೆದು ಗುರುತು ಮಾಡಿ. ಒಣಗಿದ ಮೇಲೆ ಆ ಜಾಗ ಕಣ್ಣಿಗೆ ಸಿಗುವುದಿಲ್ಲ.